ಕಿಟಕಿಯ ಪರದೆ

ಎರಡನೆಯ ಮಹಾಯುದ್ಧ ಎಂದಕೂಡಲೇ ನಮಗೆ ನೆನಪಾಗುವುದು ವಿಮಾನ, ಬಾಂಬು. ಆದರೆ ಆ ಯುದ್ಧದ ದೊಡ್ಡ ನಾಯಕರಲ್ಲಿ ಹಲವರು ಓಡಾಡಿದ್ದು ರೈಲಿನಲ್ಲಿ. ಅಂತಿಂಥ ರೈಲಲ್ಲ ಅನ್ನಿ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ 1942ರಲ್ಲಿ ಸಜ್ಜಾದ ‘ಫರ್ಡಿನಂಡ್ ಮೆಗೆಲನ್’ ಎಂಬ ಬೋಗಿಗೆ ಉಕ್ಕಿನ ಕವಚ, ಕಿಟಕಿಗಳಿಗೆ ಗುಂಡು ತೂರದ ಮೂರಂಗುಲ ದಪ್ಪದ ಗಾಜು. ಒಂದೇ ಬೋಗಿಯ ತೂಕ ಸುಮಾರು 129 ಟನ್. ಇಂಗ್ಲೆಂಡಿನ ರಾಜ ಆರನೆಯ ಜಾರ್ಜ್ ದಂಪತಿಗೂ 1941ರಲ್ಲಿ ಕವಚದ ಬೋಗಿಗಳು ಬಂದವು. ಹಿಟ್ಲರನ ರೈಲಿನಲ್ಲಂತೂ ಸ್ನಾನಕ್ಕೇ ಒಂದು ಬೋಗಿ. ಜೊತೆಗೆ ವಿಮಾನ ಹೊಡೆದುರುಳಿಸುವ ಫಿರಂಗಿಗಳು. ಅದರ ಹೆಸರು, ತಮಾಷೆ ನೋಡಿ, ‘ಅಮೆರಿಕ’! 1943ರಲ್ಲಿ ಅದನ್ನು ‘ಬ್ರಾಂಡೆನ್‌ಬುರ್ಗ್’ ಎಂದು ಬದಲಿಸಿದರು.

“ಜನ ಕಷ್ಟದಲ್ಲಿರುವಾಗ ಇವರಿಗೆ ಇದೆಲ್ಲ ಬೇಕಿತ್ತಾ ಮಿಸ್?” ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಕೇಳಬೇಕಾದ ಪ್ರಶ್ನೆಯೇ. ‘ನಿಮ್ಮ ಪ್ರಯಾಣ ನಿಜಕ್ಕೂ ಅಗತ್ಯವೇ?’ ಎಂದು ಬ್ರಿಟನ್ನಿನಲ್ಲಿ ಸಾಮಾನ್ಯ ಪ್ರಯಾಣಿಕರನ್ನು ಭಿತ್ತಿಪತ್ರಗಳು ಕೇಳುತ್ತಿದ್ದ ಕಾಲ ಅದು. ಆದರೂ ನಡೆಯಲಾಗದೆ ಗಾಲಿಕುರ್ಚಿ ಬಳಸುತ್ತಿದ್ದ ರೂಸ್‌ವೆಲ್ಟ್ ಭದ್ರವಾದ ಬೋಗಿಯಲ್ಲಿ ಮಲಗಿ ಹೋದರೆ ನನಗೇನೂ ತಪ್ಪೆನಿಸುವುದಿಲ್ಲ. ಕವಚದ ಬೋಗಿಯಲ್ಲಿ ಓಡಾಡಿದ ಅದೇ ಜಾರ್ಜ್ ರಾಜ, ಇಂಧನ ಉಳಿಸಲೆಂದು ಅರಮನೆಯ ಸ್ನಾನದ ತೊಟ್ಟಿಗಳಲ್ಲಿ ಐದಂಗುಲದ ಮಟ್ಟಕ್ಕೆ ಗೆರೆ ಎಳೆಸಿದ್ದ. ಪ್ರಾಣಕ್ಕೆ ಹೆಚ್ಚಿನ ರಕ್ಷಣೆ ಇರಲಿ, ಬಿಸಿನೀರು ಮಾತ್ರ ಎಲ್ಲರಷ್ಟೇ. ಇದು ನನಗೆ ಒಪ್ಪಿಗೆ.

ನನ್ನನ್ನು ಕಾಡುವುದು ಬೇರೊಂದು ಸಂಗತಿ. ಹಿಟ್ಲರನ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೀರ್ 1969ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಅದನ್ನು ಹೇಳುತ್ತಾನೆ. 1942ರ ನವೆಂಬರ್ ರಾತ್ರಿ. ರೈಲು ಮ್ಯೂನಿಕ್ಕಿಗೆ ಹೊರಟಿದೆ. ಮರದ ಹಲಗೆ ಹೊದಿಸಿದ ಊಟದ ಬೋಗಿ, ಬೆಳ್ಳಿಯ ಚಮಚ, ಪಿಂಗಾಣಿ, ಮೇಜಿನ ಮೇಲೆ ಹೂವು. ಪಕ್ಕದ ಹಳಿಯ ಮೇಲೆ ಗೂಡ್ಸ್ ರೈಲೊಂದು ನಿಂತಿದೆ. ದನ ಸಾಗಿಸುವ ಡಬ್ಬಿಗಳಲ್ಲಿ ಪೂರ್ವದ ರಣರಂಗದಿಂದ ಮರಳುತ್ತಿದ್ದ ಜರ್ಮನ್ ಸೈನಿಕರು. ಹಸಿದವರು, ಗಾಯಗೊಂಡವರು. ಎರಡೇ ಮೀಟರ್ ದೂರದಿಂದ ಈ ಊಟವನ್ನು ನೋಡುತ್ತಿದ್ದಾರೆ. ಹಿಟ್ಲರ್ ಕಂಡ. ಮೊದಲನೆಯ ಮಹಾಯುದ್ಧದಲ್ಲಿ ತಾನೂ ಅವರಂತೆಯೇ ಸಿಪಾಯಿಯಾಗಿದ್ದವನು, ಒಂದು ಕೈಯನ್ನೂ ಬೀಸಲಿಲ್ಲ. ಪರದೆ ಇಳಿಸು ಎಂದು ಸೇವಕನಿಗೆ ಆಜ್ಞೆ ಮಾಡಿದ.

ಇವರಾದರೂ ಅವನಿಗಾಗಿ ಹೊಡೆದಾಡಿದ ಅವನ ಕಡೆಯವರೇ. ಅದೇ ವರ್ಷ, ಅದೇ ದೇಶದ ರೈಲ್ವೆ, ಅಂಥವೇ ಡಬ್ಬಿಗಳಲ್ಲಿ ಯಹೂದಿ ತಾಯಂದಿರನ್ನು ಮಕ್ಕಳೊಂದಿಗೆ ತುಂಬಿ ಸಾವಿನ ಶಿಬಿರಗಳಿಗೆ ಒಯ್ಯುತ್ತಿತ್ತು. ಅವರು ಕಣ್ಣಿಗೆ ಬೀಳದಂತೆ ಪರದೆ ಇಳಿಸುವ ಅಗತ್ಯವೂ ಅವನಿಗೆ ಇರಲಿಲ್ಲ. ಮನೆಮುಂದೆ ಭಿಕ್ಷುಕಿ ಬಂದಾಗ ಬಾಗಿಲು ಮುಚ್ಚಿಕೊಂಡು ಉಣ್ಣುವ ನಾವೂ ಇದ್ದೇವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಆ ಭಿಕ್ಷುಕಿಯನ್ನು ಬೀದಿಗೆ ತಂದು ನಿಲ್ಲಿಸಿದವರು ನಾವೇ ಆಗಿದ್ದರೆ?

ಸ್ಪೀರನ ಮಾತನ್ನು ನಾನು ಪೂರ್ತಿ ನಂಬುವವಳಲ್ಲ. ಗುಲಾಮ ಕೂಲಿಗಳನ್ನು ದುಡಿಸಿಕೊಂಡ ಅಪರಾಧಕ್ಕೆ ಇಪ್ಪತ್ತು ವರ್ಷ ಸೆರೆಯಲ್ಲಿದ್ದು ಬಂದವನು ಅವನು. ಆ ರಾತ್ರಿ ಅವನೂ ಅದೇ ಮೇಜಿನಲ್ಲಿದ್ದ. ಪರದೆ ಇಳಿದ ಮೇಲೆ ತನ್ನ ತಟ್ಟೆಯ ಊಟವನ್ನು ಏನು ಮಾಡಿದನೆಂದು ಮಾತ್ರ ಅವನು ಬರೆದಿಲ್ಲ.