ಬರೆದವರ ಪಾಲು

ಗ್ರಂಥಸ್ವಾಮ್ಯದ ಮಾತು ಬಂದಾಗಲೆಲ್ಲ, ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಲ್ಲಿ ಬರೆಯಿಸಿ ಹಂಚಿದ ಸಂಗತಿಯನ್ನು ಯಾರಾದರೊಬ್ಬರು ನೆನಪಿಗೆ ತರುತ್ತಾರೆ; ತಂದು, ನಮ್ಮ ಪರಂಪರೆಯಲ್ಲಿ ವಿದ್ಯೆಯು ದಾನಕ್ಕೆ ಯೋಗ್ಯವಾದುದೇ ಹೊರತು ವಿಕ್ರಯಕ್ಕಲ್ಲ, ಆದಕಾರಣ ಲೇಖಕನು ತನ್ನ ಕೃತಿಗೆ ಬೆಲೆ ಕೇಳುವುದು ಈ ನೆಲಕ್ಕೆ ಒಗ್ಗದ ನಡತೆ ಎಂದು ಮುಗಿಸುತ್ತಾರೆ. ಈ ವಾದವನ್ನು ನಾನು ಗೌರವದಿಂದ ಕೇಳಿದ್ದೇನೆ. ಬಹುಕಾಲ ನಂಬಿಯೂ ಇದ್ದೆನು. ಆದರೆ ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪನೂ ಆತನ ಸಹೋದರ ಪುನ್ನಮಯ್ಯನೂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಚಿತ್ರವೇ ಬೇರೆಯಾಗುತ್ತದೆ. ಕವಿಗೆ ಆಶ್ರಯವಿತ್ತ ಮನೆತನದ ಮಗಳು, ತನ್ನ ಸ್ವಂತ ದ್ರವ್ಯವನ್ನು ವೆಚ್ಚಮಾಡಿ, ಓಲೆಗರಿಯ ಮೇಲೆ ಕಂಠ ಹಿಡಿದು ದಿನವೆಲ್ಲ ಬಾಗಿ ಕುಳಿತ ಲಿಪಿಕಾರರಿಂದ ಆ ಪ್ರತಿಗಳನ್ನು ಮಾಡಿಸಿದಳು. ಕೊಟ್ಟದ್ದು ಅವಳದು. ಬೇರೊಬ್ಬನ ಗಂಟನ್ನು ಬಿಚ್ಚಿ ಹಂಚುವುದಕ್ಕೆ ದಾನವೆಂಬ ಹೆಸರನ್ನು ನಮ್ಮ ಹಿರಿಯರು ಎಂದೂ ಕೊಟ್ಟವರಲ್ಲ.

ಪಂಪನಿಗೆ ಅರಿಕೇಸರಿಯು ಅಗ್ರಹಾರವನ್ನಿತ್ತನು. ಅಂದಿನ ಕವಿಯು ಕಾವ್ಯವನ್ನು ಲೋಕಕ್ಕೆ ಒಪ್ಪಿಸಿ ನಿಶ್ಚಿಂತನಾಗಿರಬಹುದಾಗಿದ್ದುದು ಅವನ ಅನ್ನದ ಹೊಣೆಯನ್ನು ಮತ್ತೊಬ್ಬರು ಹೊತ್ತಿದ್ದರಿಂದ. ಅಚ್ಚಿನ ಯಂತ್ರ ಬಂದ ಮೇಲೆ ದೊರೆಯ ಸ್ಥಾನದಲ್ಲಿ ಸಹಸ್ರಾರು ಓದುಗರು ನಿಂತರು. ಆದರೆ ದೊರೆಯ ಹೊಣೆ ಮಾತ್ರ ಆ ಸಹಸ್ರದಲ್ಲಿ ಯಾರಿಗೂ ಸೇರದೆ ಹೋಯಿತು. ಉಡುಪಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನು, ಎಂದರೆ ನಮ್ಮ ಮುದ್ದಣನು, ತನ್ನ ಕೃತಿಗಳನ್ನು ಪ್ರಾಚೀನ ಕವಿಯೊಬ್ಬನವೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿ, ಬಡತನದಲ್ಲಿಯೂ ಕ್ಷಯದಲ್ಲಿಯೂ ಸವೆದು, 1901ರಲ್ಲಿ, ಮೂವತ್ತರ ಆಸುಪಾಸಿನಲ್ಲಿಯೇ ತೀರಿಕೊಂಡನು. ಧನದ ಮಾತಿರಲಿ, ಹೆಸರಿನ ಪಾಲೂ ಅವನಿಗೆ ಬದುಕಿದ್ದಾಗ ಸಲ್ಲಲಿಲ್ಲ. ಗಳಗನಾಥರಂತೂ ತಾವು ಬರೆದ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು, ಊರಿಂದೂರಿಗೆ ನಡೆದು, ಓದುವವರನ್ನು ಮನೆಬಾಗಿಲಲ್ಲಿಯೇ ಕಂಡು ಮಾರಿದರು. ಇದನ್ನು ನಾವು ಕನ್ನಡಾಭಿಮಾನದ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ, ಅಭಿಮಾನವೂ ಅದರಲ್ಲಿ ನಿಜವಾಗಿಯೇ ಉಂಟು. ಆದರೂ ಆ ಹೊರೆಯ ತೂಕವನ್ನು ನೆನೆದಾಗ ನನಗೆ ಹೆಮ್ಮೆಗಿಂತ ಮೊದಲು ಸಂಕಟವಾಗುತ್ತದೆ.

ನನ್ನ ಮೇಜಿನ ಖಾನೆಯಲ್ಲಿ ಒಂದು ಹಾಳೆ ಇದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಪ್ರಕಾಶಕರು, ಚಹಾ ತರಿಸಿಕೊಟ್ಟು, ನನ್ನಿಂದ ರುಜು ಹಾಕಿಸಿಕೊಂಡ ಕರಾರು ಅದು: ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಲಾಗಿ ಹರಿದ ನನ್ನ ಸಹಿ, ಅದರ ಮೇಲ್ಗಡೆ ನಾಲ್ಕು ಸಾಲು ಬೆರಳಚ್ಚು, ಸಕಲ ಹಕ್ಕುಗಳನ್ನೂ ವಹಿಸಿಕೊಟ್ಟಿದ್ದೇನೆಂಬ ಒಕ್ಕಣೆ. ಪ್ರತಿಫಲವಾಗಿ ಇಪ್ಪತ್ತೈದು ಗೌರವ ಪ್ರತಿಗಳು ಸೆಣಬಿನ ಹುರಿಯಿಂದ ಬಿಗಿದ ಕಟ್ಟಾಗಿ ಮನೆಗೆ ಬಂದುವು. ಆ ಪುಸ್ತಕ ಮೂರು ಬಾರಿ ಮರುಮುದ್ರಣವಾದುದನ್ನು ನಾನು ಅಂಗಡಿಯಲ್ಲಿ ರಕ್ಷಾಪುಟದ ಬಣ್ಣ ಬದಲಾದುದರಿಂದ ತಿಳಿದೆನು. ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ಹಕ್ಕಿನ ಹಸ್ತಾಂತರ 5 ವರ್ಷಕ್ಕೆ ತೀರುತ್ತದೆಂದು ನಮ್ಮ ಕಾಯಿದೆಯ 19ನೆಯ ವಿಧಿ ಹೇಳುತ್ತದೆ. ಕೊಡಬೇಕಾದ ರಾಯಧನವನ್ನು ಕರಾರಿನಲ್ಲಿ ನಮೂದಿಸಬೇಕೆಂದೂ ಹೇಳುತ್ತದೆ. ನನಗೆ ಅದು ತಿಳಿದಿರಲಿಲ್ಲ; ಆ ಪ್ರಕಾಶಕರಿಗೂ ತಿಳಿದಿರಲಿಲ್ಲವೆಂದೇ ನಾನು ಇಂದಿಗೂ ನಂಬಿದ್ದೇನೆ. ನ್ಯಾಯವು ಕಾಗದದ ಮೇಲಿದ್ದು, ಅದರ ಅಗತ್ಯವಿದ್ದ ಇಬ್ಬರಿಗೂ ತಿಳಿಯದೆ ಹೋಯಿತು.

ಪ್ರಕಾಶಕನನ್ನು ಶತ್ರುವೆಂದು ನಿಲ್ಲಿಸುವ ಇಚ್ಛೆ ನನಗಿಲ್ಲ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ವರ್ಷದ ಚಂದಾದಾರರನ್ನು ಕೂಡಿಸಿ ಅವರ ಬಲದ ಮೇಲೆ ಪುಸ್ತಕಗಳನ್ನು ಹೊರತಂದ ಜಿ. ಬಿ. ಜೋಶಿಯವರಂಥವರು ಇಲ್ಲದಿದ್ದರೆ ನವೋದಯದ ಎಷ್ಟೋ ಹಸ್ತಪ್ರತಿಗಳು ಪೆಟ್ಟಿಗೆಗಳಲ್ಲಿಯೇ ಜೀರ್ಣವಾಗುತ್ತಿದ್ದುವು. ಕಾಗದಕ್ಕೂ ಅಚ್ಚಿಗೂ ಮುಂಗಡ ಕೊಟ್ಟು, ಮಾರುವವನಿಗೆ ರಿಯಾಯಿತಿ ಬಿಟ್ಟು, ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಟಕ್ಕಿಷ್ಟು ಎಂದು ಗೊತ್ತುಮಾಡಿದ ದರಕ್ಕೆ ಒಪ್ಪಿ, ಬಿಲ್ಲಿನ ಹಣಕ್ಕಾಗಿ ಕಾದು ಕುಳಿತ ಚಿಕ್ಕ ಪ್ರಕಾಶಕನ ಸ್ಥಿತಿಯೂ ಕರುಣೆಗೆ ಪಾತ್ರವಾದುದೇ. ಆದರೆ ಮುದ್ರಕನಿಗೂ ಬೈಂಡರಿಗೂ ಕೊಡುವ ಹಣವನ್ನು ಖರ್ಚೆಂದು ಬರೆದು, ಲೇಖಕನಿಗೆ ಕೊಡುವುದನ್ನು ಮಾತ್ರ ಉಳಿದರೆ ಸಲ್ಲಿಸುವ ಗೌರವವೆಂದು ಭಾವಿಸುವ ರೂಢಿಗೆ ಆ ಬಡತನವು ಸಮಾಧಾನವಾಗಲಾರದು. ಗೌರವಧನವೆಂಬ ನಮ್ಮ ಮಾತಿನಲ್ಲಿಯೇ ದೋಷದ ಬೇರು ಇದೆಯೆಂದು ನನಗೆ ತೋರುತ್ತದೆ. ಗೌರವವು ಕೊಡುವವನ ಇಚ್ಛೆಯನ್ನು ಅವಲಂಬಿಸಿದ್ದು, ಕೂಲಿಯು ದುಡಿದವನ ಹಕ್ಕು.

ಸುಧಾರಣೆಯೆಂದೊಡನೆ ಶಾಸನಕರ್ತರು ಸಾಮಾನ್ಯವಾಗಿ ಅವಧಿಯನ್ನು ಉದ್ದಮಾಡಲು ತೊಡಗುತ್ತಾರೆ. 1710ರ ಇಂಗ್ಲೆಂಡಿನ ಶಾಸನವು ಹೊಸ ಪುಸ್ತಕಕ್ಕೆ 14 ವರ್ಷಗಳನ್ನೂ, ಲೇಖಕನು ಬದುಕಿದ್ದರೆ ಮತ್ತೆ 14 ವರ್ಷಗಳನ್ನೂ ಕೊಟ್ಟಿತ್ತು. ನಮ್ಮ 1957ರ ಕಾಯಿದೆಯು ಲೇಖಕನ ಮರಣದ ಮೇಲೆ 50 ವರ್ಷಗಳನ್ನಿತ್ತಿತು. 1941ರಲ್ಲಿ ತೀರಿಕೊಂಡ ರವೀಂದ್ರರ ಕೃತಿಗಳ ಮೇಲಿನ ಹಕ್ಕು ವಿಶ್ವಭಾರತಿಯ ಕೈತಪ್ಪುವ ಹೊತ್ತಿಗೆ, 1992ರಲ್ಲಿ, ಅದನ್ನು 60ಕ್ಕೆ ಏರಿಸಲಾಯಿತು. ಮಹಾಕವಿಯ ಸಂಸ್ಥೆಗೆ ನೆರವಾಗಬೇಕೆಂಬ ಸದಾಶಯ ನನಗೂ ಪ್ರಿಯವೇ. ಆದರೆ ಒಂದು ಸಂಸ್ಥೆಯ ಸಲುವಾಗಿ ದೇಶದ ಸಮಸ್ತ ಗ್ರಂಥಗಳಿಗೂ ಹತ್ತು ವರ್ಷಗಳ ಬೇಲಿಯನ್ನು ಬೆಳೆಸಿದುದರಿಂದ ಬದುಕಿರುವ ಯಾವ ಲೇಖಕನ ಮನೆಗೆ ಒಂದು ಸೇರು ಅಕ್ಕಿ ಹೆಚ್ಚಾಗಿ ಬಂದೀತು? ಭಾಷೆಯೂ ಪುರಾಣವೂ ಅಜ್ಜಿಯ ಕಥೆಯೂ ಮೊದಲೇ ಸಕಲರಿಂದ ಪಡೆದವನು ತನ್ನ ಕೃತಿಗೆ ಹೊಲಕ್ಕೆಂಬಂತೆ ಶಾಶ್ವತ ಒಡೆತನವನ್ನು ಬೇಡುವುದೂ ಸರಿಯಲ್ಲ. ಅವನಿಗೆ ಸಲ್ಲತಕ್ಕದ್ದು ಒಡೆತನಕ್ಕಿಂತ ಹೆಚ್ಚಾಗಿ ಪಾಲು. ಅದೂ ಅವನು ಕಣ್ಣಾರೆ ಕಾಣುವ ಕಾಲದಲ್ಲಿ, ಲೆಕ್ಕದೊಡನೆ.

2012ರ ತಿದ್ದುಪಡಿಯಲ್ಲಿ ಈ ತತ್ತ್ವಕ್ಕೆ ಒಮ್ಮೆ ಮನ್ನಣೆ ದೊರೆತಿದೆ. ಚಲಚ್ಚಿತ್ರಕ್ಕೂ ಧ್ವನಿಮುದ್ರಣಕ್ಕೂ ಪದ್ಯ ಬರೆದವರು, ರಾಗ ಕೂಡಿಸಿದವರು, ಚಿತ್ರಮಂದಿರದ ಹೊರಗಣ ಬಳಕೆಯಿಂದ ಬರುವ ರಾಯಧನದಲ್ಲಿ ತಮ್ಮ ಸಮಪಾಲನ್ನು ತಾವೇ ಬರೆದುಕೊಟ್ಟರೂ ಕಳೆದುಕೊಳ್ಳಲಾರರೆಂದು ಶಾಸನವಾಯಿತು. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರರು ಇದಕ್ಕಾಗಿ ವಾದಿಸಿದರು. ಪುಸ್ತಕ ಬರೆಯುವವನಿಗೆ ಈ ರಕ್ಷಣೆ ಇಲ್ಲ. ಸ್ವಇಚ್ಛೆಯಿಂದ ರುಜು ಹಾಕಿದವನನ್ನು ಕಾನೂನು ಏಕೆ ಬಿಡಿಸಬೇಕೆಂದು ಕೇಳುವವರುಂಟು. ಮೊದಲ ಪುಸ್ತಕ ಅಚ್ಚಾದೀತೆಂಬ ಆಸೆಯಲ್ಲಿ ನಡುಗುವ ಕೈಯ ರುಜುವನ್ನು ಸ್ವಇಚ್ಛೆಯೆನ್ನಲು, ಆ ಹಾಳೆಯನ್ನು ಖಾನೆಯಲ್ಲಿಟ್ಟುಕೊಂಡ ನನಗೆ ಸಾಧ್ಯವಿಲ್ಲ. ಬಿಟ್ಟುಕೊಡಲಾಗದ ಪಾಲೊಂದು, ವರ್ಷಕ್ಕೊಮ್ಮೆ ಮುದ್ರಣ ಮತ್ತು ಮಾರಾಟದ ಲೆಕ್ಕವೊಂದು, ಇವೆರಡು ಪುಸ್ತಕಕ್ಕೂ ಅನ್ವಯವಾಗಬೇಕು.

ಇದರ ಹೊರೆಯನ್ನು ಬಡ ಓದುಗನ ಮೇಲೆ ಹೇರಬಾರದು. ದೆಹಲಿ ವಿಶ್ವವಿದ್ಯಾಲಯದ ಆವರಣದ ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶನಸಂಸ್ಥೆಗಳು ಹೂಡಿದ ದಾವೆಯಲ್ಲಿ, ಪಾಠಕ್ಕಾಗಿ ಪುಟಗಳನ್ನು ಪ್ರತಿಮಾಡಿಕೊಳ್ಳುವುದನ್ನು 2016ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಎತ್ತಿಹಿಡಿದುದು ನನಗೆ ಸಮ್ಮತ. ವಿದ್ಯಾರ್ಥಿಗೆ ಅತ್ತಿಮಬ್ಬೆ ಬೇಕು, ಆ ಸ್ಥಾನದಲ್ಲಿ ಇಂದು ನಿಲ್ಲತಕ್ಕದ್ದು ಸರ್ಕಾರ. ಗ್ರಂಥಾಲಯದಿಂದ ಎರವಲು ಹೋದ ಪುಸ್ತಕಕ್ಕಾಗಿ ಬೊಕ್ಕಸದಿಂದಲೇ ಲೇಖಕನಿಗೆ ಕೊಡುವ ಪದ್ಧತಿಯನ್ನು ಡೆನ್ಮಾರ್ಕ್ ದೇಶವು 1946ರಲ್ಲಿಯೇ ಆರಂಭಿಸಿತು. ಬ್ರಿಟನ್ 1979ರಲ್ಲಿ ಶಾಸನ ಮಾಡಿತು. ನಮ್ಮಲ್ಲಿ ಮನೆಗಂದಾಯದೊಡನೆ ಶೇ. 6ರ ಗ್ರಂಥಾಲಯ ಕರವನ್ನು ಜನರು ಈಗಾಗಲೇ ತೆರುತ್ತಿದ್ದಾರೆ. ಅದರಲ್ಲಿ ಒಂದು ಅಲ್ಪಾಂಶವನ್ನು ಓದಿನ ಲೆಕ್ಕದಂತೆ ಬರೆದವರಿಗೂ ಪ್ರಕಾಶಕರಿಗೂ ಹಂಚಬಹುದು.

ಲೆಕ್ಕವಿಡುವುದು ಕಷ್ಟವೆನ್ನುವರು. ಕೆಲವು ವರ್ಷಗಳ ಕೆಳಗೆ ಒಂದು ತಾಲ್ಲೂಕು ಗ್ರಂಥಾಲಯದಲ್ಲಿ ನನ್ನ ಆ ಪುಸ್ತಕ ಕೈಗೆ ಸಿಕ್ಕಿತು. ದಪ್ಪ ರಟ್ಟು ಕಟ್ಟಿದ್ದರು, ಒಂದು ಪುಟದ ಅಂಚಿಗೆ ಅರಿಸಿನದ ಬೆರಳಿನ ಗುರುತಿತ್ತು. ಕೊನೆಯಲ್ಲಿ ಅಂಟಿಸಿದ್ದ ಚೀಟಿಯ ತುಂಬ, ನೇರಳೆ ಶಾಯಿಯಲ್ಲಿ, ಪುಸ್ತಕವನ್ನು ಹಿಂದಿರುಗಿಸಬೇಕಾದ ದಿನಾಂಕಗಳ ಮುದ್ರೆಗಳು ಒಂದರ ಕೆಳಗೊಂದು ಇಳಿದು ಬಂದಿದ್ದುವು. ಜಾಗ ಸಾಲದೆ ಹೋದಾಗ ಆ ಗ್ರಂಥಪಾಲಕರು ಅದರ ಮೇಲೆಯೇ ಎರಡನೆಯ ಚೀಟಿಯೊಂದನ್ನು, ಅಂಚು ಕೂಡುವಂತೆ, ಅಂಟಿಸಿದ್ದರು.