ದಾನವು ಸಿದ್ಧಿಸುವ ಎಡೆ

ದಾನವು ಕೊಡುವವನ ಕೈಯಲ್ಲಿ ಮುಗಿಯುತ್ತದೆಯೋ ಪಡೆಯುವವನ ಕೈಯಲ್ಲೋ ಎಂಬುದು ಧರ್ಮಶಾಸ್ತ್ರದ ಹಳೆಯ ವಿವಾದ. ದಾತನ ತ್ಯಾಗದಿಂದಲೇ ಇನ್ನೊಬ್ಬನ ಸ್ವತ್ವ, ಅಂದರೆ ಒಡೆತನ, ಹುಟ್ಟುತ್ತದೆಂದು ಬಂಗಾಳದ ಜೀಮೂತವಾಹನನು ವಾದಿಸಿದರೆ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಸ್ವೀಕಾರವಿಲ್ಲದೆ ಅದು ಸಿದ್ಧಿಸದೆಂದು ನಿರ್ಣಯಿಸಿದನು. ಇಸ್ಲಾಮಿನ ಹನಫೀ ಪಂಥದ ಶಾಸ್ತ್ರವೂ ಕಡ್ಡಾಯ ದಾನವಾದ ಜಕಾತ್‌ಗೆ ‘ತಮ್ಲೀಕ್’, ಎಂದರೆ ಪಡೆಯುವವನನ್ನು ವಸ್ತುವಿನ ಒಡೆಯನನ್ನಾಗಿ ಮಾಡುವುದು, ಅಗತ್ಯವೆನ್ನುತ್ತದೆ.

ಈ ಎರಡು ಕೈಗಳ ನಡುವಿನ ದಾರಿಯನ್ನು ಶಾಸ್ತ್ರಕಾರರು ಹೆಚ್ಚು ಚರ್ಚಿಸಲಿಲ್ಲ; ಮನೆಬಾಗಿಲಲ್ಲೇ ಕೊಡುವ ಕಾಲದಲ್ಲಿ ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಪುಣೆಯ ದಕ್ಷಿಣ ಅಂಚಿನ ಕೊಂಢವಾದಲ್ಲಿ ಆ ದಾರಿ ಕಣ್ಣೆದುರೇ ಇದೆ. ಸೊಲ್ಲಾಪುರದ ಕಡೆಯ ಲಾರಿಗಳು ಕಾತ್ರಜ್-ಕೊಂಢವಾ ರಸ್ತೆಯನ್ನು ಹಿಡಿದು, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೂಲಕ ಬೆಂಗಳೂರಿಗೆ ಹೋಗುವ ಹೆದ್ದಾರಿಯನ್ನು ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಪಂಚಗಂಗಾ ನದಿ ಉಕ್ಕಿ ಕೊಲ್ಹಾಪುರದ ಶಿರೋಲಿಯ ಬಳಿ ಇದೇ ಹೆದ್ದಾರಿ ಮುಳುಗಿ, ಲಾರಿಗಳ ಸಾಲು ದಿನಗಟ್ಟಲೆ ನಿಂತಿತು. ವಿಜ್ಞಾನೇಶ್ವರನ ಲಕ್ಷಣವನ್ನು ಒಪ್ಪುವವರಿಗೆ, ದಾನಕ್ಕೆಂದು ಹೊರಟು ಹಾಗೆ ದಾರಿಯಲ್ಲಿ ನಿಂತ ಅಕ್ಕಿ ಇನ್ನೂ ದಾನವಲ್ಲ.

ನ್ಯೂಯಾರ್ಕ್ ರಾಜ್ಯದ ರೆನ್ಸೆಲರ್ ಪಾಲಿಟೆಕ್ನಿಕ್ ಸಂಸ್ಥೆಯ ಹೋಸೆ ಓಲ್ಗಿನ್-ವೆರಾಸ್ ನಗರಗಳ ಸರಕು ಸಾಗಣೆಯನ್ನೂ ವಿಪತ್ತಿನ ಪರಿಹಾರ ಪೂರೈಕೆಯನ್ನೂ ಒಟ್ಟಿಗೆ ಅಧ್ಯಯನ ಮಾಡಿದವರು. ನೀರು, ಆಹಾರ, ಔಷಧಗಳಿಲ್ಲದೆ ಕಳೆಯುವ ಹೊತ್ತಿನ ಸಂಕಟಕ್ಕೂ ಬೆಲೆ ಕಟ್ಟಿ, ಸಾಗಣೆಯ ಖರ್ಚಿನೊಡನೆ ಅದನ್ನು ಕೂಡಿಸಬೇಕೆಂಬುದು ಅವರ ‘ವಂಚಿತತೆಯ ವೆಚ್ಚ’ದ ಪರಿಕಲ್ಪನೆ; ಕಾಯುವ ಹೊತ್ತು ಬೆಳೆದಂತೆ ಈ ವೆಚ್ಚ ಸಮಪ್ರಮಾಣದಲ್ಲಲ್ಲ, ಇನ್ನೂ ಕಡಿದಾಗಿ ಏರುತ್ತದೆ. ಯಾರೂ ಕೇಳದ ಹಳೆಯ ಬಟ್ಟೆಯಂಥ ಸಾಮಗ್ರಿ ರಾಶಿಯಾಗಿ ಬಂದು, ರಸ್ತೆಯನ್ನೂ ಗೋದಾಮನ್ನೂ ವಿಂಗಡಿಸುವ ಜನರನ್ನೂ ಆಕ್ರಮಿಸಿ, ತುರ್ತಿನ ವಸ್ತುಗಳನ್ನು ತಡೆಯುತ್ತದೆ ಎಂಬುದನ್ನೂ ಈ ಸಂಶೋಧನೆ ತೋರಿಸಿದೆ. ಭಗವದ್ಗೀತೆ ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಕವನ್ನು ವಿಧಿಸುವುದು ಇಲ್ಲಿ ಬರಿಯ ಆಚಾರದ ಮಾತಾಗಿ ಉಳಿಯುವುದಿಲ್ಲ: ಅಕಾಲದ ದಾನವು ನಿಷ್ಫಲವಷ್ಟೇ ಅಲ್ಲ, ಇನ್ನೊಬ್ಬನ ದಾನಕ್ಕೂ ಅಡ್ಡಿ.

ಕೊಡುವ, ಪಡೆಯುವ ಕೈಗಳ ನಡುವೆ ದುಡಿಯುವವರ ಸ್ಥಾನದ ಬಗ್ಗೆ ಕುರ್‌ಆನ್ ಹೆಚ್ಚು ಸ್ಪಷ್ಟವಾಗಿದೆ. ಜಕಾತ್ ಸಲ್ಲುವ ಎಂಟು ವರ್ಗಗಳನ್ನು ಹೇಳುವ ತೌಬಾ ಅಧ್ಯಾಯವು ಬಡವರ ಜೊತೆಗೆ, ಅದನ್ನು ಸಂಗ್ರಹಿಸಿ ನಿರ್ವಹಿಸುವ ಕೆಲಸಗಾರರನ್ನೂ ಸೇರಿಸುತ್ತದೆ. ಲಾರಿ ಚಾಲಕನನ್ನೂ ಹಮಾಲಿಯನ್ನೂ ಈ ವರ್ಗಕ್ಕೆ ಸೇರಿಸಬಹುದೇ ಎಂಬುದನ್ನು ಶಾಸ್ತ್ರಜ್ಞರು ನಿರ್ಧರಿಸಬೇಕು. ಆದರೆ ಅವರ ಕೂಲಿಯನ್ನು ದಾನದಿಂದ ಕಳೆದುಹೋದ ಹಣವೆಂದು ಎಣಿಸುವ ಇಂದಿನ ರೂಢಿಗೆ ಈ ವಾಕ್ಯದ ಬೆಂಬಲವಿಲ್ಲ.