ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು

ಶಿವಮೊಗ್ಗ, ಭದ್ರಾವತಿ ಸುತ್ತಿನ ಅಡಿಕೆ ಸೀಮೆಯಲ್ಲಿ ಲಕ್ಷಗಟ್ಟಲೆ ರೂಪಾಯಿಯ ಚೇಣಿ ವ್ಯವಹಾರ ಎಷ್ಟೋ ಸಲ ಬಾಯಿಮಾತಿನಲ್ಲೇ ಕುದುರುತ್ತದೆ. ಚೇಣಿದಾರ ತೋಟ ಸುತ್ತಿ ಗೊನೆ ನೋಡುತ್ತಾನೆ, ಹಸಿ ಅಡಿಕೆ ಕ್ವಿಂಟಲಿಗೆ ಇಂತಿಷ್ಟು ಎಂದು ದರ ಹೇಳುತ್ತಾನೆ, ಒಂದಿಷ್ಟು ಮುಂಗಡ ಕೈಗಿಡುತ್ತಾನೆ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಅವನ ಪಾಲು. ಕಾಗದ ಮಾಡೋಣವೇ ಎಂದರೆ ‘ಯಾಕೆ ಗೌಡ್ರೆ, ನಂಬಿಕೆ ಇಲ್ವಾ?’ ಎನ್ನುತ್ತಾನೆ. ದರ ಏರಿದ ವರ್ಷ ತೋಟದವನಿಗೆ, ಬಿದ್ದ ವರ್ಷ ಚೇಣಿದಾರನಿಗೆ ಆ ನಂಬಿಕೆಯೇ ಭಾರ.

ಕೊಟ್ಟ ಮಾತಿಗೆ ಮನುಷ್ಯ ಬದ್ಧನಾಗುವುದು ಯಾತರಿಂದ? ದೇವರ ಭಯದಿಂದಲೋ, ಕೋರ್ಟಿನ ಭಯದಿಂದಲೋ, ಎದುರಿಗಿರುವವನು ಆ ಮಾತನ್ನೇ ನಂಬಿ ಕೂತಿದ್ದಾನೆ ಎಂಬ ಅರಿವಿನಿಂದಲೋ?

ಮಲೆನಾಡಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಆಣೆ. ತಕರಾರು ಬಗೆಹರಿಯದಿದ್ದರೆ ‘ಧರ್ಮಸ್ಥಳಕ್ಕೆ ಬಂದು ಹೇಳಲಿ’, ‘ಸಿಗಂದೂರಿಗೆ ನಡಿ’ ಎಂಬ ಮಾತು ಬರುತ್ತದೆ. ಹಿಂದಿನವರಿಗೆ ಮಾತೇ ಸಾಕಿತ್ತು, ಕಾಗದ ಬಂದಮೇಲೆ ಧರ್ಮ ಕೆಟ್ಟಿತು ಎಂಬ ಗೊಣಗಾಟವೂ ಅದರ ಬೆನ್ನಿಗೇ ಇರುತ್ತದೆ. ಆದರೆ ಧರ್ಮಶಾಸ್ತ್ರವೇ ಈ ಗೊಣಗಾಟದ ಪರವಾಗಿಲ್ಲ.

ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯ ವ್ಯವಹಾರಾಧ್ಯಾಯ ಹೇಳುವ ಪ್ರಮಾಣಗಳು ಮೂರು: ಬರೆದದ್ದು, ಅನುಭೋಗ, ಸಾಕ್ಷಿ. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯವೆಂಬ ದೈವಪರೀಕ್ಷೆ. ಅಂದರೆ ಸ್ಮೃತಿಕಾರನೂ ಮೊದಲು ಪತ್ರ ಕೇಳುತ್ತಾನೆ, ದೇವರನ್ನು ಕರೆಯುವುದು ಕೊನೆಗೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕೊಂಡ ಸರಕನ್ನು ಪರೀಕ್ಷಿಸಲು ಅಲ್ಲಿ ಗಡುವು ಇದೆ. ಬೀಜಕ್ಕೆ 10 ದಿನ, ಹೊರೆ ಹೊರುವ ಪ್ರಾಣಿಗೆ 5, ರತ್ನಕ್ಕೆ 7, ಕರೆಯುವ ಹಸುವಿಗೆ 3, ಕಬ್ಬಿಣಕ್ಕೆ ಒಂದೇ ದಿನ. ಸರಕಿನ ಗುಣ ಬಯಲಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಅವಕಾಶ. ಬೀಜ ಮೊಳೆಯಬೇಕು, ಹಸು ನಾಲ್ಕಾರು ಹೊತ್ತು ಹಾಲು ಕೊಡಬೇಕು, ಕಬ್ಬಿಣವನ್ನು ಬಡಿದು ನೋಡಿದರಾಯಿತು. 1923ರಿಂದ ಕಬ್ಬಿಣ ಕಾಯಿಸಿದ ಭದ್ರಾವತಿಯವರಿಗೆ ಈ ಲೆಕ್ಕ ಹೊಸದಲ್ಲ. ಉಕ್ಕಿನ ಉದ್ಯಮದಲ್ಲಿ ಪ್ರತಿ ಎರಕಕ್ಕೂ ಒಂದು ಹೀಟ್ ನಂಬರ್, ಅದಕ್ಕೊಂದು ಪರೀಕ್ಷಾ ಪತ್ರ ಇರುತ್ತದೆ.

ಹಾಗೆಂದು ಹಳೆಯದಕ್ಕೆಲ್ಲ ಕೈಮುಗಿಯುವಂತಿಲ್ಲ. ಅದೇ ಶ್ಲೋಕ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಪರೀಕ್ಷೆಯ ಅವಧಿ ಕೊಡುತ್ತದೆ. ಕೊಳ್ಳುವವನಿಗೆ ಮೋಸವಾಗಬಾರದೆಂಬ ಕಾಳಜಿ ಅಲ್ಲಿದೆ. ಕೊಳ್ಳಲ್ಪಟ್ಟ ಮನುಷ್ಯನ ಒಪ್ಪಿಗೆ ಕೇಳುವವರಿಲ್ಲ. 1872ರ ಭಾರತೀಯ ಕರಾರು ಕಾಯ್ದೆ ಮೊದಲು ಹುಡುಕುವುದೇ ಆ ಒಪ್ಪಿಗೆಯನ್ನು: ಬಲವಂತ, ವಂಚನೆ, ಅನುಚಿತ ಪ್ರಭಾವ ಇಲ್ಲದ ಮುಕ್ತ ಸಮ್ಮತಿ. ಅದಿದ್ದರೆ, ಪ್ರತಿಫಲವೂ ಇದ್ದರೆ, ಬಾಯಿಮಾತಿನ ಚೇಣಿಯೂ ಕರಾರೇ. ತೊಡಕು ಇರುವುದು ರುಜುವಾತಿನಲ್ಲಿ.

ಪ್ರತಿಫಲವಿಲ್ಲದ ಮಾತಿನ ಗತಿ ಏನು? ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಗೆ ಇಷ್ಟು ಸಾವಿರ ಕೊಡುತ್ತೇನೆ ಎಂದು ಒಬ್ಬ ಸಭೆಯಲ್ಲಿ ಹೇಳಿ ಆಮೇಲೆ ಕೈಯೆತ್ತಿದ ಎನ್ನಿ. ಇಂಥದಕ್ಕೆ ಎರಡು ಹಳೆಯ ತೀರ್ಪುಗಳಿವೆ. ಹೌರಾದಲ್ಲಿ ಪುರಭವನ ಕಟ್ಟಲು ಒಬ್ಬರು 100 ರೂಪಾಯಿ ಚಂದಾ ಬರೆಸಿದ್ದರು. ಆ ಪಟ್ಟಿ ನಂಬಿ ಸಮಿತಿ ಗುತ್ತಿಗೆದಾರನಿಗೆ ಕೆಲಸ ಒಪ್ಪಿಸಿತ್ತು. 1886ರಲ್ಲಿ ಕಲ್ಕತ್ತಾ ಹೈಕೋರ್ಟ್ ಹಣ ಕೊಡಲೇಬೇಕು ಎಂದಿತು. 1914ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದದ್ದು ಮಸೀದಿಯ ಕೆಲಸಕ್ಕೆ 500 ರೂಪಾಯಿ ಕೊಡುತ್ತೇನೆಂದ ಮಾತು. ಅದನ್ನು ನಂಬಿ ಯಾರೂ ಯಾವ ಕೆಲಸಕ್ಕೂ ಕೈಹಾಕಿರಲಿಲ್ಲ, ದಾವೆ ನಿಲ್ಲಲಿಲ್ಲ. ದೇವರಿಗೆಂದು ಆಡಿದ ಮಾತು ಕೋರ್ಟಿನಲ್ಲಿ ಬಿದ್ದುಹೋಯಿತು, ಪುರಭವನಕ್ಕೆಂದು ಬರೆದದ್ದು ನಿಂತಿತು. ಮಾತಿಗೆ ಕಾನೂನಿನ ಬಲ ಬಂದದ್ದು ಇನ್ನೊಬ್ಬರು ಅದನ್ನು ನಂಬಿ ಹೆಜ್ಜೆ ಮುಂದಿಟ್ಟಾಗ.

ಸಾಲದ ವಿಷಯದಲ್ಲಿ ಕಾನೂನು ಆತ್ಮಸಾಕ್ಷಿಗೆ ಹೆಚ್ಚು ಜಾಗ ಬಿಟ್ಟಿದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬುದು ಮಿತಾಕ್ಷರದ ಕಟ್ಟಳೆ; ಜೂಜು, ಕುಡಿತದಂಥ ಸಾಲಗಳಿಗೆ ಮಾತ್ರ ವಿನಾಯಿತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರದ ಸಾಲಗಳಿಗೆ ಈ ಧರ್ಮಬಾಧ್ಯತೆಯೊಂದನ್ನೇ ಹಿಡಿದು ಮಗನ ಮೇಲೆ ದಾವೆ ಹೂಡುವಂತಿಲ್ಲ. ತಂದೆ ಬಿಟ್ಟುಹೋದ ಆಸ್ತಿಯ ಮೇಲಿನ ಹಕ್ಕು ಬೇರೆ ಮಾತು. ಸ್ವಂತ ಕೈಸಾಲವೂ ಸಾಮಾನ್ಯವಾಗಿ ಮೂರು ವರ್ಷಕ್ಕೆ ಕಾಲಬಾಧಿತ. ಆದರೂ ಸಾಲ ಪಡೆದವನು ಆಮೇಲೆ ‘ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25ನೇ ಕಲಂ ಆ ಮಾತನ್ನು ಹೊಸ ಪ್ರತಿಫಲವಿಲ್ಲದೆಯೇ ಊರ್ಜಿತವೆಂದು ಒಪ್ಪುತ್ತದೆ. ಬರೆಯೆಂದು ಯಾರೂ ಒತ್ತಾಯಿಸುವಂತಿಲ್ಲ, ಬರೆದಮೇಲೆ ಜಾರುವಂತಿಲ್ಲ.

ಅಂಗಡಿಯ ವಿಷಯದಲ್ಲಿ ಕಾನೂನು ಇಷ್ಟು ಉದಾರಿಯಲ್ಲ, ಆಗಬಾರದು ಕೂಡ. ಚೇಣಿದಾರನ ಮನೆ ಎಲ್ಲಿದೆ ಎಂದು ಊರಿಗೇ ಗೊತ್ತು; ಮೋಟಾರು ಮಾಡಿದ ಕಂಪನಿಯ ಮುಖ ಕಂಡವರಿಲ್ಲ. ‘ಇಷ್ಟು ಅಡಿ ಬೋರಿಗೆ ಬೇಕು, ನೀವೇ ನೋಡಿ ಕೊಡಿ’ ಎಂದು ರೈತ ಪಂಪು ಕೊಂಡರೆ, 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನಂತೆ ಅದು ಆ ಕೆಲಸಕ್ಕೆ ಒದಗಬೇಕು. ವಾರಂಟಿ ಕಾರ್ಡಿನಲ್ಲಿ ಬರೆದಿರದಿದ್ದರೂ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡವನಿಗೆ ಕಾನೂನೇ ಈ ಆಸರೆ ಕೊಟ್ಟಿದೆ. ‘ಮಾರಿದ ಮಾಲು ವಾಪಸ್ಸಿಲ್ಲ’ ಎಂಬ ಬೋರ್ಡಿಗೂ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಉತ್ತರ ಕೊಟ್ಟಿದೆ: ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೇ.

ಆದ್ದರಿಂದ ಬಿಲ್ಲು ಕೇಳಿದರೆ ಅಪನಂಬಿಕೆ ತೋರಿಸಿದಂತಾಯಿತು ಎಂಬ ಸಂಕೋಚ ಬೇಡ; ಯಾಜ್ಞವಲ್ಕ್ಯನೂ ಬರೆದದ್ದನ್ನೇ ಮೊದಲು ಕೇಳಿದವನು. ಅಂಗಡಿಯವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ದರೆ ಶಿವಮೊಗ್ಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಕಾಲಾವಕಾಶ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.